ರಜೆ ಮುಗಿದ ಮೇಲೆ

ಬೇಸಿಗೆಯ ರಜೆ ಮುಗಿದು ಕಾಲೇಜು ತೆರೆಯುವ ದಿನ ನಾನು ಮಾಡುವ ಮೊದಲನೆಯ ಕೆಲಸ ನನ್ನ ಮೇಜನ್ನು ಒರೆಸುವುದು. ಒರೆಸುವುದಕ್ಕೆ ಜವಾನರಿಲ್ಲವೆಂದಲ್ಲ, ಆ ಧೂಳು ನನ್ನದೆಂಬ ಒಂದು ಬಗೆಯ ಮಮತೆ. ಚಿತ್ರದುರ್ಗದ ಸೀಮೆಯ ಧೂಳು ಸಾಮಾನ್ಯವಾದುದಲ್ಲ. ಕಿಟಕಿಯನ್ನು ಮುಚ್ಚಿ ಅಗಳಿ ಹಾಕಿ ಹೋದರೂ ಅದು ಹೇಗೋ ಒಳಕ್ಕೆ ಬಂದು, ಐದಾರು ವಾರಗಳೊಳಗೆ, ಬೆರಳಿನಿಂದ ಅಕ್ಷರ ತಿದ್ದಬಹುದಾದಷ್ಟು ದಪ್ಪಗೆ ಕೂತಿರುತ್ತದೆ. ಒಂದೆರಡು ಸಲ ನಾನು ತಿದ್ದಿಯೂ ಇದ್ದೇನೆ. ನಲವತ್ತು ದಾಟಿದ ಉಪನ್ಯಾಸಕನೊಬ್ಬ ಬೆಳಗಿನ ಒಂಬತ್ತು ಗಂಟೆಗೆ ಒಬ್ಬನೇ ಕೂತು ಮೇಜಿನ ಧೂಳಿನಲ್ಲಿ 'ಅ' ಬರೆಯುತ್ತಿದ್ದುದನ್ನು ಯಾರೂ ಕಾಣಲಿಲ್ಲವೆಂಬುದು ನನ್ನ ಪುಣ್ಯ.

ಕನ್ನಡ ಮೇಷ್ಟರಾದವರಿಗೆ ಶಬ್ದದ ಚಾಳಿ ಬಿಡುವುದಿಲ್ಲವಷ್ಟೆ. ಸಂಸ್ಕೃತದಲ್ಲಿ 'ರಜ'ವೆಂದರೆ ಧೂಳು. ನಾವು ಅನುಭವಿಸುವ 'ರಜೆ'ಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಇದು ಅರಬ್ಬಿಯಿಂದ ಫಾರ್ಸಿಗೆ, ಅಲ್ಲಿಂದ ಉರ್ದುವಿನ ದಾರಿಯಾಗಿ ಕಚೇರಿಗಳ ಮೂಲಕ ಕನ್ನಡದ ಮನೆಯೊಳಕ್ಕೆ ಬಂದ ಮಾತು. ಮೂಲದಲ್ಲಿ ಅದಕ್ಕೆ ಒಪ್ಪಿಗೆ, ಅನುಮತಿ ಎಂದು ಅರ್ಥ. ಯಾರೋ ಮೇಲಿನವರು ಒಪ್ಪಿ ಬಿಟ್ಟುಕೊಟ್ಟ ದಿನಗಳೇ ರಜೆ. ಈ ಅರ್ಥವನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸಿದ್ದೇನೆ. ೨೦೨೫ರ ಜುಲೈ ತಿಂಗಳಲ್ಲಿ ಮಾತ್ರ ಅದು ನಗುವ ಮಾತಾಗಿ ಕಾಣಲಿಲ್ಲ. ಆ ಕಥೆಯನ್ನು ಹೇಳುವುದಕ್ಕೇ ಈ ಬರಹ. ಆದರೆ ಅದಕ್ಕೆ ಮುಂಚೆ ನಮ್ಮ ಕಾಲೇಜಿನ ಮೊದಲ ದಿನವನ್ನು ಓದುಗರಿಗೆ ಸ್ವಲ್ಪ ತೋರಿಸಬೇಕು.

ನಮ್ಮದು ತಾಲ್ಲೂಕು ಕೇಂದ್ರದ ಕಾಲೇಜು. ಊರಿನ ಹೊರಗೆ, ಎಣ್ಣೆಯ ಗಿರಣಿಗಳ ಆಚೆ, ಜಾಲಿಯ ಮರಗಳ ನಡುವೆ ಇದೆ. ದೂರದ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಆಷಾಢದ ಗಾಳಿ ಎದ್ದಿತೆಂದರೆ ಕರಿಹಲಗೆಯ ಮುಂದೆ ನಿಂತು ಪಾಠ ಹೇಳುವವನ ಧ್ವನಿ ಮೂರನೆಯ ಬೆಂಚನ್ನು ದಾಟುವುದಿಲ್ಲ. 'ಬೇಸಿಗೆಯ ರಜೆ'ಯೆಂಬ ಹೆಸರೇನೋ ಉಳಿದಿದೆ. ಅದು ಬೇಸಿಗೆಯಲ್ಲಿಯೇ ಬಂದು ಬೇಸಿಗೆಯಲ್ಲಿಯೇ ಮುಗಿಯಬೇಕೆಂಬ ನಿಯಮ ಈಗ ಇಲ್ಲ. ನಾವು ಓದುತ್ತಿದ್ದಾಗ ವರ್ಷಕ್ಕೊಂದೇ ಪರೀಕ್ಷೆ. ಮಾವಿನಕಾಯಿಯ ಕಾಲಕ್ಕೆ ಪರೀಕ್ಷೆ ಬರೆದು ಹೋದರೆ, ಹಣ್ಣು ಮುಗಿದು ಮಳೆ ಹಿಡಿಯುವ ಹೊತ್ತಿಗೆ ಹಿಂತಿರುಗುತ್ತಿದ್ದೆವು. ಈಗ ಸೆಮಿಸ್ಟರುಗಳು ಒಂದನ್ನೊಂದು ಅಟ್ಟಿಸಿಕೊಂಡು ಬರುತ್ತವೆ. ರಜೆಯ ಅರ್ಧ ಭಾಗ ಮೌಲ್ಯಮಾಪನಕ್ಕೆ ಹೋಗುತ್ತದೆ. ಉಳಿದರ್ಧದಲ್ಲಿ ಮಗನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಾರದೆ ತಪ್ಪಿಸಿಕೊಂಡು ತಿರುಗುವುದಾಗುತ್ತದೆ.

ಮೊದಲ ದಿನ ಕಾಲೇಜಿನ ಅಂಗಳಕ್ಕಿಂತ ಹೆಚ್ಚು ಜನ ಸೇರುವುದು ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ಅಂಕಪಟ್ಟಿ, ಜಾತಿಯ ಪ್ರಮಾಣಪತ್ರ, ಆದಾಯದ ಪ್ರಮಾಣಪತ್ರ, ಆಧಾರ್ ಚೀಟಿ, ಬ್ಯಾಂಕಿನ ಪಾಸುಪುಸ್ತಕದ ಮೊದಲನೆಯ ಹಾಳೆ, ಇಷ್ಟನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ಹಳ್ಳಿಯ ಹುಡುಗ ಹುಡುಗಿಯರು ನಿಂತಿರುತ್ತಾರೆ. ಪ್ರವೇಶವೆಲ್ಲ ಈಗ ಗಣಕಯಂತ್ರದಲ್ಲಿ. ಹೆಸರು ತುಂಬಿಸಿದ ಮೇಲೆ ಫೋನಿಗೆ ಒಂದು ಗುಟ್ಟಿನ ಸಂಖ್ಯೆ ಬರಬೇಕು. ಅದನ್ನು ಹೊಡೆದರೆ ಮಾತ್ರ ಮುಂದಿನ ಪುಟ ತೆರೆಯುತ್ತದೆ. ಫೋನು ತಂದೆಯದು. ತಂದೆ ಕುರಿಯ ಮಂದೆಯ ಜೊತೆ ಇಲ್ಲಿಂದ ನೂರು ಮೈಲಿ ಆಚೆ, ಯಾವುದೋ ಗದ್ದೆಯ ಬಯಲಿನಲ್ಲಿ ಇದ್ದಾನೆ. ಅಂಗಡಿಯವನ ಫೋನಿನಿಂದ ಕರೆದು, "ಅಪ್ಪಾ, ಈಗ ಒಂದು ನಂಬರು ಬಂದೈತೆ, ಓದಿ ಹೇಳು" ಎಂದು ಮಗಳು ಕೂಗುತ್ತಾಳೆ. ಅಪ್ಪನಿಗೆ ಓದು ಬರದು. ಅವನು ಮಗ್ಗುಲಲ್ಲಿ ಓದು ಬಲ್ಲವರನ್ನು ಹುಡುಕಿ ಹೇಳಿಸುವುದರೊಳಗೆ ಆ ಸಂಖ್ಯೆಯ ಅವಧಿ ತೀರಿರುತ್ತದೆ. ಮತ್ತೆ ಮೊದಲಿನಿಂದ. ಹೀಗೆ ಮೂರು ಸಲ ಕೂಗಿ ಅಳು ಬಂದಿದ್ದ ಒಂದು ಮಗುವನ್ನು ನಾನೇ ಸಮಾಧಾನ ಮಾಡಿದ್ದೇನೆ. ನಾಲ್ಕನೆಯ ಸಲ ಸಂಖ್ಯೆ ಹೇಳಿದವನು ಯಾರೋ ಗೊಬ್ಬರದ ಅಂಗಡಿಯವನಂತೆ. ಅವನು ಒಂದೊಂದು ಅಂಕಿಯನ್ನೂ ಎರಡೆರಡು ಸಲ ಬಿಡಿಸಿ ಹೇಳಿದನು.

ಮೊದಲ ಎರಡು ವಾರ ತರಗತಿ ತುಂಬುವುದಿಲ್ಲ. ನಮ್ಮ ಕಡೆ ಶೇಂಗಾ ಬಿತ್ತುವುದು ಆರಿದ್ರಾ ಪುನರ್ವಸು ಮಳೆಗಳ ಆಸುಪಾಸಿನಲ್ಲಿ. ಬಿತ್ತನೆಯ ಹದ ಸಿಕ್ಕಿದ ದಿನ ಪಂಪನಾಗಲಿ ರನ್ನನಾಗಲಿ ಹುಡುಗರನ್ನು ಹಿಡಿದು ನಿಲ್ಲಿಸಲಾರರು. ಹೊಸದಾಗಿ ವರ್ಗವಾಗಿ ಬಂದ ಅಧ್ಯಾಪಕರು ಇದನ್ನು ಕಂಡು ಸಿಡಿಮಿಡಿಗೊಳ್ಳುತ್ತಾರೆ. ನಾನು ಸಿಡುಕುವುದನ್ನು ಬಿಟ್ಟು ಬಹಳ ಕಾಲವಾಯಿತು. ಮಳೆ ನೋಡಿಕೊಂಡು ಪಾಠವನ್ನು ಜೋಡಿಸುತ್ತೇನೆ. ಮೊದಲ ವಾರಗಳಲ್ಲಿ ಸಾಹಿತ್ಯ ಚರಿತ್ರೆಯ ಪೀಠಿಕೆ. ಪಠ್ಯದ ಕಾವ್ಯವನ್ನು ಮುಟ್ಟುವುದು ಎಲ್ಲರೂ ಬಂದಮೇಲೆಯೇ.

ಅಧ್ಯಾಪಕರ ಕೊಠಡಿಯಲ್ಲಿಯೂ ಮೊದಲ ದಿನ ಖಾಲಿ ಕುರ್ಚಿಗಳಿರುತ್ತವೆ. ಅವು ಅತಿಥಿ ಉಪನ್ಯಾಸಕರ ಕುರ್ಚಿಗಳು. ಬರುವುದಕ್ಕೆ ಗೊತ್ತಾದ ತಿಥಿಯಿಲ್ಲದವನು ಅತಿಥಿ ಎಂದು ಹಿಂದಿನವರು ನಿರುಕ್ತಿ ಹೇಳಿದರು. ನಮ್ಮ ಕಾಲೇಜುಗಳ ಅತಿಥಿಗೆ ಹೋಗುವುದಕ್ಕೂ ತಿಥಿಯಿಲ್ಲ. ಹದಿನೈದು ವರ್ಷ ಪಾಠ ಹೇಳಿ, ತಲೆ ನರೆತು, ತಾವು ಕಲಿಸಿದ ಹುಡುಗನೇ ಕಾಯಮ್ಮಾಗಿ ಬಂದು ಮಗ್ಗುಲಲ್ಲಿ ಕೂತದ್ದನ್ನು ಕಂಡ ಅತಿಥಿಗಳು ಇದ್ದಾರೆ. ನಮಗೆ ರಜೆಯೆಂದರೆ ವಿಶ್ರಾಂತಿ. ಅವರಿಗೆ ಸಂಬಳವಿಲ್ಲದ ತಿಂಗಳುಗಳು. ನಮ್ಮ ವಿಭಾಗದಲ್ಲಿ ವ್ಯಾಕರಣ ಹೇಳುತ್ತಿದ್ದ ಗೆಳೆಯರೊಬ್ಬರು ಆ ತಿಂಗಳುಗಳಲ್ಲಿ ತಮ್ಮ ಭಾವನ ಬಿತ್ತನೆಬೀಜದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಕೇಶಿರಾಜನ ಸೂತ್ರಗಳನ್ನು ಬಾಯಲ್ಲಿಟ್ಟುಕೊಂಡವರು. ಜುಲೈ ಬಂದರೂ ಆದೇಶ ಬಂದಿರಲಿಲ್ಲ. ಅವರ ಕುರ್ಚಿಯ ಧೂಳನ್ನೂ ನಾನೇ ಒರೆಸಿದೆ.

ಈ ಸಡಗರ ತಳಮಳಗಳೆಲ್ಲ ಇದ್ದರೂ ಮೊದಲ ದಿನದ ಬಗ್ಗೆ ನನಗೊಂದು ಹುರುಪು ಇದ್ದೇ ಇತ್ತು. ಹೊಸ ಹಾಜರಿ ಪುಸ್ತಕವನ್ನು ತೆಗೆದು ರಟ್ಟಿನ ಮೇಲೆ ವರ್ಷವನ್ನು ಬರೆಯುವುದು, ಹೆಸರುಗಳನ್ನು ದುಂಡಗೆ ಇಳಿಸುವುದು, ಇವೆಲ್ಲ ನನಗೆ ಹಬ್ಬದ ಕೆಲಸಗಳು. ಇನ್ನೊಂದು ಹಬ್ಬದ ಕೆಲಸವಿತ್ತು: ಕನ್ನಡವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡವರಿಗೆ ಮೊದಲ ತರಗತಿಯಲ್ಲಿ ತಳುಕಿನ ವೆಂಕಣ್ಣಯ್ಯನವರ ಮಾತನ್ನು ಹೇಳುವುದು.

ತಳುಕು ಚಳ್ಳಕೆರೆಯ ತಾಲ್ಲೂಕಿನದು. ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುತ್ತದೆ. ತ. ರಾ. ಸು. ಅವರ ಹೆಸರಿನ ಮೊದಲಿನ ತಕಾರವೂ ಆ ಊರಿನದೇ. ನನ್ನ ವಿದ್ಯಾರ್ಥಿಗಳು ಅದರ ಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿರುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು ೧೯೧೬ರಲ್ಲಿ. ಕನ್ನಡ ನಾಡಿನ ಆ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ. ಎ. ತರಗತಿ ಪ್ರಾರಂಭವಾಗುವುದಕ್ಕೆ ೧೯೨೭ರವರೆಗೆ ಕಾಯಬೇಕಾಯಿತು. ಹನ್ನೊಂದು ವರ್ಷ! ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರಂಥವರು ಕನ್ನಡದ ಪರವಾಗಿ ದುಡಿದದ್ದರಿಂದ ಆ ದಿನ ಬಂದಿತು. ಆಗ ಆ ತರಗತಿಗಳಿಗೆ ಪಾಠ ಹೇಳಿದವರು ನಮ್ಮ ಸೀಮೆಯ ವೆಂಕಣ್ಣಯ್ಯನವರು. ಅವರ ಶಿಷ್ಯರು ಕುವೆಂಪು. ಗುರು ತೀರಿಕೊಂಡದ್ದು ೧೯೩೯ರಲ್ಲಿ. ಹತ್ತು ವರ್ಷ ಕಳೆದು ಶ್ರೀರಾಮಾಯಣ ದರ್ಶನಂ ಅಚ್ಚಾದಾಗ ಶಿಷ್ಯನು ಆ ಮಹಾಕಾವ್ಯವನ್ನು ಅರ್ಪಿಸಿದ್ದು ಆ ಗುರುವಿಗೆ. "ನಿಮ್ಮ ಬಸ್ಸು ದಿನವೂ ನಿಲ್ಲುವ ಊರಿನವರು ಕಣ್ರಯ್ಯ ಅವರು" ಎಂದು ನಾನು ಹೇಳಿದಾಗ ಹಿಂದಿನ ಬೆಂಚಿನವರು ಕೂಡ ತಲೆಯೆತ್ತುತ್ತಾರೆ. ಗುರುವೆಂದರೆ ವಿದ್ಯಾರ್ಥಿಗಾಗಿ ಬಾಗಿಲು ತೆರೆದಿಟ್ಟವನು ಎಂದು ಮುಂತಾಗಿ ಒಂದಿಷ್ಟು ವಾಗ್ಮಿತೆಯನ್ನೂ ನಾನು ಅದಕ್ಕೆ ಅಂಟಿಸುತ್ತಿದ್ದೆ.

ಆ ವರ್ಷ ಮೂರನೆಯ ವರ್ಷದ ತರಗತಿಗೆ ಹೋಗಿ ಹಾಜರಿ ಕರೆದೆ. ಹೆಸರು ಹಿಡಿದು ಕರೆಯುವುದು ನನ್ನ ಪದ್ಧತಿ. ಆದರೆ ಇಲ್ಲಿ ಹೆಸರುಗಳು ಬೇಡ. ಹದಿನಾರು ಆಯಿತು. ಹದಿನೇಳು ಎಂದಾಗ ಉತ್ತರವಿಲ್ಲ. ಬಿತ್ತನೆಯ ದಿನಗಳಲ್ಲವೇ, ಉತ್ತರವಿಲ್ಲದ ಸಂಖ್ಯೆಗಳು ಏಳೆಂಟಿದ್ದವು. ಹದಿನೇಳರಲ್ಲಿ ಮಾತ್ರ ನನ್ನ ಲೇಖನಿ ನಿಂತಿತು.

ಹದಿನೇಳನೆಯವಳು ತರಗತಿಯಲ್ಲಿ ಹೆಚ್ಚು ಮಾತನಾಡುವ ಹುಡುಗಿಯಲ್ಲ. ಹಿಂದಿನ ವರ್ಷ ಪಂಪಭಾರತದಲ್ಲಿ ದ್ರೋಣನು ದ್ರುಪದನಲ್ಲಿಗೆ ಬರುವ ಪ್ರಸಂಗವನ್ನು ಪಾಠ ಹೇಳುತ್ತಿದ್ದೆ. ಚಿಕ್ಕಂದಿನಲ್ಲಿ ಜೊತೆಯಲ್ಲಿ ಓದಿದವರು. ಒಬ್ಬನು ಅರಸನಾಗಿದ್ದಾನೆ, ಇನ್ನೊಬ್ಬನು ಬಡತನದಲ್ಲಿ ನೊಂದು ಹಳೆಯ ಸಖನನ್ನು ನೆನೆದು ಬಾಗಿಲಿಗೆ ಬಂದಿದ್ದಾನೆ. ಅರಸನು ಅವನನ್ನು ಅರಿಯೆನೆನ್ನುತ್ತಾನೆ. ಇದು ಯಾವ ಕಾಲದಲ್ಲಿ ಹೇಳಿದರೂ ತರಗತಿಯನ್ನು ಹಿಡಿಯುವ ಭಾಗ. ಪಾಠ ಮುಗಿದು ಹೊರಗೆ ಬರುತ್ತಿದ್ದಾಗ ಅವಳು ಹಿಂದೆಯೇ ಬಂದು, "ಸಾರ್, ದ್ರುಪದನಿಗೆ ನಿಜವಾಗ್ಲೂ ಮರೆತುಹೋಗಿತ್ತಾ, ಇಲ್ಲ ಗೊತ್ತಿದ್ದೂ ಗೊತ್ತಿಲ್ಲ ಅಂದನಾ?" ಎಂದು ಕೇಳಿದಳು. ನಾನು ಇಪ್ಪತ್ತು ವರ್ಷಗಳಿಂದ ಆ ಭಾಗವನ್ನು ಬಲ್ಲೆ; ಸಿರಿಯ ಮದವೆಂದು ಒಂದು ಶೀರ್ಷಿಕೆ ಕೊಟ್ಟು ಪರೀಕ್ಷೆಗೆ ಟಿಪ್ಪಣಿ ಬರೆಸಿದವನು. ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ. "ನೀನೇನೆನ್ನುತ್ತೀಯೆ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಸುಮ್ಮನೆ ಅಂದಿರ್ತಾನೆ ಸಾರ್, ಆಮೇಲೆ ನಿಜವಾಗ್ಲೂ ಮರೆತಿರ್ತಾನೆ" ಎಂದಳು. ಅಂದೇ ಗ್ರಂಥಾಲಯದಿಂದ ಡಿ. ಎಲ್. ನರಸಿಂಹಾಚಾರ್ಯರ ಪಂಪಭಾರತ ದೀಪಿಕೆಯನ್ನು ಅವಳ ಹೆಸರಿಗೆ ಕೊಡಿಸಿದೆ. ಅಷ್ಟು ದಪ್ಪದ ಪುಸ್ತಕವನ್ನು ಕಂಕುಳಲ್ಲಿ ಅವಚಿಕೊಂಡು ಬಸ್ಸಿಗೆ ಓಡಿದ ಹುಡುಗಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಇನ್ನು ನನ್ನ ತಪ್ಪನ್ನು ಹೇಳಬೇಕು. ಮೇ ತಿಂಗಳ ಕೊನೆಯ ವಾರ, ಪರೀಕ್ಷೆಯ ಕಡೆಯ ದಿನ. ನಾನು ಮೌಲ್ಯಮಾಪನಕ್ಕೆಂದು ದಾವಣಗೆರೆಯ ಬಸ್ಸು ಹಿಡಿಯುವ ಆತುರದಲ್ಲಿದ್ದೆ. ವಿಭಾಗಕ್ಕೆ ಬೀಗ ಹಾಕುತ್ತಿರುವಾಗ ಅವಳು ಬಂದು ಬಾಗಿಲ ಬಳಿ ನಿಂತಳು. "ಸಾರ್, ಒಂದು ಮಾತು ಕೇಳಬೇಕಿತ್ತು." ನಾನು ಗಡಿಯಾರ ನೋಡಿಕೊಂಡೆ. "ಈಗ ಹೊತ್ತಾಯ್ತಲ್ಲಮ್ಮ, ರಜೆ ಮುಗಿದ ಮೇಲೆ ಬಾ, ನಿಧಾನವಾಗಿ ಮಾತಾಡೋಣ" ಎಂದೆ. "ಆಗಲಿ ಸಾರ್" ಎಂದಳು. ಇಷ್ಟೇ ನಡೆದದ್ದು. ಬಸ್ಸು ಅರ್ಧ ಗಂಟೆ ತಡವಾಗಿ ಬಂದಿತು. ಆ ಅರ್ಧ ಗಂಟೆ ನಾನು ನಿಲ್ದಾಣದಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ.

ರಜೆ ಮುಗಿದ ಮೇಲೆ ಬಾ ಎಂದು ಹೇಳುವವನಿಗೆ ರಜೆ ಮುಗಿಯುವುದು ಖಚಿತ. ತಿಂಗಳ ಕೊನೆಗೆ ಸಂಬಳ ಬರುವಂತೆ, ಬಾಗಿಲ ಬೀಗದ ಕೈ ತನ್ನ ಜೇಬಿನಲ್ಲಿರುವಂತೆ, ಅವನು ಹಿಂತಿರುಗುವುದೂ ಖಚಿತ. ಕೇಳುವವರ ಕಡೆಯಿಂದ ಹಾಗಲ್ಲವೆಂಬುದನ್ನು ನಾನು ತಿಳಿಯದವನೇನಲ್ಲ. ೨೦೨೦ರ ಮಾರ್ಚಿಯಲ್ಲಿ ಮಹಾಮಾರಿಗೆ ಮುಚ್ಚಿದ ಪದವಿ ಕಾಲೇಜುಗಳು ನವೆಂಬರ್ ೧೭ರಂದು ಮತ್ತೆ ತೆರೆದಾಗ ನಾನು ಹಾಜರಿ ಕರೆದಿದ್ದೇನೆ. ಎಂಟು ತಿಂಗಳಲ್ಲಿ ಹೊಲಕ್ಕೆ, ಗಾರೆಕೆಲಸಕ್ಕೆ, ಗಂಡನ ಮನೆಗೆ ಹೋದವರ ಸಂಖ್ಯೆಗಳನ್ನು ಒಂದೊಂದಾಗಿ ಕರೆದು, ನಿಂತು, ಮುಂದಕ್ಕೆ ಹೋಗಿದ್ದೇನೆ. ಆಗ ಕಾಲದ ಮೇಲೆ ತಪ್ಪು ಹೊರಿಸಬಹುದಾಗಿತ್ತು.

ಆ ದಿನ ವೆಂಕಣ್ಣಯ್ಯನವರ ಮಾತನ್ನು ಎತ್ತಿಕೊಂಡೆನಾದರೂ ತೆರೆದ ಬಾಗಿಲಿನವರೆಗೆ ಬರಲಾಗಲಿಲ್ಲ. ೧೯೨೭ಕ್ಕೇ ನಿಲ್ಲಿಸಿ, ಕರಿಹಲಗೆಯ ಮೇಲೆ ಪಠ್ಯಪುಸ್ತಕಗಳ ಹೆಸರು ಬರೆಸಿ ಬಿಟ್ಟೆ.

ಎರಡನೆಯ ವಾರ ಹೊಲದವರೆಲ್ಲ ಬಂದರು, ಹದಿನೇಳು ಬರಲಿಲ್ಲ. ಅವಳ ಊರಿನ ಇನ್ನೊಬ್ಬ ಹುಡುಗಿಯನ್ನು ಕರೆದು ಕೇಳಿದೆ. "ಅವಳು ಬೆಂಗಳೂರಿಗೆ ಹೋದ್ಲು ಸಾರ್. ಪೀಣ್ಯದ ಹತ್ರ ಅವರ ಚಿಕ್ಕಮ್ಮ ಅದಾರೆ. ಗಾರ್ಮೆಂಟ್ಸಿಗೆ ಸೇರ್ಕೊಂಡಳಂತೆ." ಎಷ್ಟು ದಿನಕ್ಕೆ ಎಂದೆ. "ಅಣ್ಣನ ಆಪರೇಷನ್ನಿಗೆ ಸಾಲ ಆಗೈತಲ್ಲ ಸಾರ್, ಅದು ತೀರೋವರೆಗೆ." ಹುಡುಗಿ ಒಂದು ಗಳಿಗೆ ತಡೆದು ಮತ್ತೆ ಹೇಳಿದಳು: "ಅವಳು ನಿಮ್ಮನ್ನ ಕೇಳ್ಬೇಕು ಅಂತಿದ್ಲು ಸಾರ್. ಒಂದು ವರ್ಷ ಬಿಟ್ಟು ಮತ್ತೆ ಬಂದ್ರೆ ಸೇರಿಸ್ಕೊಳ್ತಾರಾ ಅಂತ."

ಐದು ನಿಮಿಷದ ಪ್ರಶ್ನೆ. ಅಥವಾ ಐದು ನಿಮಿಷದ್ದೆಂದು ಆಗ ಅನ್ನಿಸಿತು. ಕಚೇರಿಗೆ ಹೋಗಿ ಅಧೀಕ್ಷಕರನ್ನು ಕೇಳಿದಾಗ ಅದು ಅಷ್ಟು ಚಿಕ್ಕದಲ್ಲವೆಂದು ತಿಳಿಯಿತು. ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಹೊಸ ಪದವಿ ತರಗತಿಗಳು ಬಂದದ್ದು ೨೦೨೧ರಲ್ಲಿ. ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಬೇರೊಂದು ಕ್ರಮಕ್ಕೆ ತಿರುಗಿದ್ದು ೨೦೨೪ರಲ್ಲಿ. ಹಾಗಾಗಿ ೨೦೨೩ರಲ್ಲಿ ಸೇರಿದ ಹದಿನೇಳನೆಯವಳ ತಂಡವೇ ಆ ಕ್ರಮದ ಕೊನೆಯ ತಂಡ. ಹಿಂದಿನ ಕಾಲದಲ್ಲಿ ಒಂದು ವರ್ಷ ತಪ್ಪಿದವನು ಕಿರಿಯರ ಜೊತೆ ಬೆಂಚಿನ ತುದಿಯಲ್ಲಿ ಕೂತು ಓದಿ ಮುಗಿಸುತ್ತಿದ್ದನು. ಇವಳು ಬಂದರೆ ಕಿರಿಯರು ಓದುತ್ತಿರುವ ಪುಸ್ತಕಗಳೇ ಬೇರೆ. ಯಾರಾದರೂ ದುಷ್ಟತನದಿಂದ ಮಾಡಿದ್ದಲ್ಲ ಇದು. ಎರಡು ಆದೇಶಗಳ ನಡುವಿನ ಸಂದಿಯಲ್ಲಿ ಒಂದು ಹುಡುಗಿ ಬಿದ್ದಿದ್ದಾಳೆ, ಅಷ್ಟೆ. ಅಧೀಕ್ಷಕರು ಒಳ್ಳೆಯವರು. ಕನ್ನಡಕವನ್ನು ಹಣೆಗೇರಿಸಿಕೊಂಡು ಹಳೆಯ ಸುತ್ತೋಲೆಗಳ ಕಡತವನ್ನೆಲ್ಲ ತಿರುವಿದರು. ಪದವಿ ಮುಗಿಸುವುದಕ್ಕೆ ಅವಳಿಗೆ ಇನ್ನೂ ಅವಧಿ ಇದೆ. ಮರುಪ್ರವೇಶಕ್ಕೆ ಅರ್ಜಿ ಕೊಡಬಹುದು. ಅವಳ ಕ್ರಮದ ಪರೀಕ್ಷೆಯನ್ನು ವಿಶ್ವವಿದ್ಯಾನಿಲಯ ಹಿಂದುಳಿದವರಿಗಾಗಿ ನಡೆಸಲೇಬೇಕು. "ತರಗತಿ ಮಾತ್ರ ಇರೋದಿಲ್ಲ ನೋಡಿ ಮೇಷ್ಟ್ರೇ" ಎಂದರು. "ಒಬ್ಬಳಿಗಾಗಿ ಯಾರು ಪಾಠ ಮಾಡ್ತಾರೆ?"

ಅದಕ್ಕೆ ನಾನು ಉತ್ತರ ಕೊಡಲಿಲ್ಲ.

ಜುಲೈ ಮುಗಿಯುವ ಹೊತ್ತಿಗೆ ಅವಳ ಊರಿನ ಆ ಹುಡುಗಿ ಬಟ್ಟೆಯ ಚೀಲದಲ್ಲಿ ಸುತ್ತಿದ ಒಂದು ಗಂಟನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಪಂಪಭಾರತ ದೀಪಿಕೆ. ಗ್ರಂಥಾಲಯದವರು ಬಾಕಿ ಪುಸ್ತಕಗಳ ಪಟ್ಟಿಯನ್ನು ಫಲಕಕ್ಕೆ ಅಂಟಿಸಿದ್ದರು. ಸುದ್ದಿ ಮುಟ್ಟಿ ಬೆಂಗಳೂರಿನಿಂದ ಕಳುಹಿಸಿದ್ದಾಳೆ. ತೆರೆದು ನೋಡಿದೆ. ಸೀಸದಕಡ್ಡಿಯಲ್ಲಿ, ಗ್ರಂಥಾಲಯದ ಪುಸ್ತಕವೆಂಬ ಅಳುಕಿನಿಂದ ಕಂಡೂ ಕಾಣದಷ್ಟು ಮೆಲ್ಲಗೆ, ಅಂಚಿನಲ್ಲಿ ಅರ್ಥಗಳನ್ನು ಬರೆದುಕೊಂಡಿದ್ದಳು. ದ್ರೋಣ ದ್ರುಪದರನ್ನು ದಾಟಿ ಬಹಳ ಮುಂದಕ್ಕೆ, ಕರ್ಣನ ಭಾಗದವರೆಗೆ ಆ ಬರಹ ನಡೆದಿತ್ತು. ಅದು ನಿಂತ ಕಡೆ ಗುರುತಿಗೆಂದು ಬೆಂಗಳೂರಿನ ನಗರ ಸಾರಿಗೆಯ ಬಸ್ಸಿನ ಚೀಟಿಯೊಂದನ್ನು ಇಟ್ಟಿದ್ದಳು.

ಗ್ರಂಥಾಲಯಕ್ಕೆ ಪುಸ್ತಕವನ್ನು ಹಿಡಿದುಕೊಂಡು ಹೋದೆ. ತಡವಾದುದಕ್ಕೆ ದಂಡ ಕಟ್ಟಿ ಅವಳ ಲೆಕ್ಕವನ್ನು ತೀರಿಸಿದೆ. ಅದೇ ಪುಸ್ತಕವನ್ನು ನನ್ನ ಚೀಟಿಗೆ ಬರೆಯಿರೆಂದು ಕೇಳಿದಾಗ ಗ್ರಂಥಪಾಲಕರು, "ನಿಮ್ಮ ಹತ್ರ ಸ್ವಂತದ್ದೇ ಒಂದಿದೆಯಲ್ಲ ಸಾರ್" ಎಂದರು. ಇದೆ ಎಂದೆ. ಅವರು ಮತ್ತೇನೂ ಕೇಳದೆ ಮೊಹರು ಒತ್ತಿಕೊಟ್ಟರು.

ವಿಭಾಗಕ್ಕೆ ಬಂದು ಒಂದು ಹಾಳೆಯಲ್ಲಿ, ಮರುಪ್ರವೇಶಕ್ಕೆ ಬೇಕಾದ ಕಾಗದಪತ್ರಗಳಾವುವು, ಯಾವ ತಿಂಗಳಲ್ಲಿ ಯಾರಿಗೆ ಅರ್ಜಿ ಕೊಡಬೇಕು ಎಂಬುದನ್ನೆಲ್ಲ ಬರೆದೆ. ಕೆಳಗೆ ನನ್ನ ಫೋನಿನ ಸಂಖ್ಯೆ ಬರೆದು, ಪಾಠವನ್ನು ಶನಿವಾರ ಮಧ್ಯಾಹ್ನ ಇಟ್ಟುಕೊಳ್ಳಬಹುದೆಂದು ಸೇರಿಸಿದೆ. ಮೇ ತಿಂಗಳಲ್ಲಿ ಬಸ್ಸು ತಡವಾಗಿ ಬಂದಿತೆಂಬುದನ್ನೂ ಬರೆಯಬೇಕೆನ್ನಿಸಿತು, ಬರೆದು ಹೊಡೆದುಹಾಕಿದೆ. ಹಾಳೆಯನ್ನು ಮಡಿಸಿ ಬಸ್ಸಿನ ಚೀಟಿಯಿದ್ದ ಪುಟದಲ್ಲಿಯೇ ಇಟ್ಟು, ಪುಸ್ತಕವನ್ನು ಅದೇ ಬಟ್ಟೆಯ ಚೀಲದಲ್ಲಿ ಸುತ್ತಿ, ಆ ಹುಡುಗಿಯನ್ನು ಕರೆಸಿದೆ. ಗೌರಿ ಹಬ್ಬಕ್ಕೆ ಅವಳ ಊರಿನವರು ಯಾರೋ ಪೀಣ್ಯಕ್ಕೆ ಹೋಗುವವರಿದ್ದರು.

"ವಾಪಸ್ಸು ಯಾವಾಗ ಕೊಡ್ಬೇಕಂತೆ ಸಾರ್?" ಎಂದು ಅವಳು ಕೇಳಿದಳು.

ಮುಂದಿನ ಜುಲೈಗೆ ಎಂದೆ. ಅವಳೇ ಬಂದು ಕೊಡಬೇಕೆಂದು ಹೇಳು ಎಂದೆ. ಮಾರನೆಯ ದಿನ ಹಾಜರಿ ಕರೆಯುವಾಗ ಹದಿನಾರಾದ ಮೇಲೆ ಹದಿನೇಳನ್ನು ಎಂದಿನಂತೆ ಕರೆದು, ನಿಂತು, ಹದಿನೆಂಟಕ್ಕೆ ಹೋದೆ.